ಕಾಲೇಜಿನ ಕಸ ಈಗ ಕಾಲೇಜಿನದೇ ಹೊಣೆ: ಹೊಸ ನಿಯಮದ ಲೆಕ್ಕ ಮತ್ತು ಮೆಸ್ಸಿನ ಮುಸುರೆ

ಘನತ್ಯಾಜ್ಯ ನಿರ್ವಹಣೆಗೆ ಹೊಸ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2026ರ ಜನವರಿಯಲ್ಲಿ ಪ್ರಕಟಿಸಿತು. ಏಪ್ರಿಲ್ 1ರಿಂದ ಜಾರಿಯಾಗುವಂತೆ ಹೊರಟ ಇವು 2016ರ ನಿಯಮಗಳ ಜಾಗಕ್ಕೆ ಬಂದಿವೆ. ಬೆಂಗಳೂರಿನ ಕಾಲೇಜುಗಳಿಗೆ ಈ ಸುದ್ದಿಯಲ್ಲಿ ಗೊಂದಲ ಹುಟ್ಟಿಸುವುದು ಒಂದೇ ವಿಷಯ: ದಿನಕ್ಕೆ 30–40 ಕೆಜಿ ಕಸವನ್ನೂ ಹಾಕದ ಪದವಿ ಕಾಲೇಜು ‘ಸಗಟು ತ್ಯಾಜ್ಯ ಉತ್ಪಾದಕ’ (ಹೆಚ್ಚು ಕಸ ಹುಟ್ಟಿಸುವ, ಅದರ ಹೊಣೆಯನ್ನೂ ತಾನೇ ಹೊರಬೇಕಾದ ಸಂಸ್ಥೆ) ಆಗುವುದು ಹೇಗೆ? ಆದ ಮೇಲೆ ಏನು ಮಾಡಬೇಕು? ಗೊಬ್ಬರ ಮಾಡುವ ಯಂತ್ರ ಕೊಂಡರೆ ಸಾಕೇ, ಗುತ್ತಿಗೆದಾರನಿಗೆ ಕೊಟ್ಟರೆ ಸಾಕೇ?

ಉತ್ತರದಲ್ಲಿ ಕಾನೂನಿನ ಪಾಲು ಸ್ವಲ್ಪ. ಹೆಚ್ಚಿನದು ಹಾಸ್ಟೆಲ್ ಮೆಸ್ಸಿನ ಹಿಂಬದಿಯಲ್ಲಿದೆ.

ಮೂರು ಅಳತೆ, ಒಂದು ಮೀರಿದರೆ ಸಾಕು

2016ರ ನಿಯಮದಲ್ಲಿ ಇದ್ದದ್ದು ತೂಕದ ಅಳತೆ. ದಿನಕ್ಕೆ ಸರಾಸರಿ 100 ಕೆಜಿ ಮೀರಿದವರು ಸಗಟು ಉತ್ಪಾದಕರು. ಆದರೆ ತೂಕ ಹಾಕುವವರು ಯಾರೂ ಇರಲಿಲ್ಲ. ಹಾಗಾಗಿ ‘ನಮ್ಮದು 80–90 ಕೆಜಿ’ ಎಂದು ಬರೆದುಕೊಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು.

ಹೊಸ ನಿಯಮ ತೂಕವನ್ನು ಉಳಿಸಿಕೊಂಡು ಇನ್ನೆರಡು ಅಳತೆ ಸೇರಿಸಿದೆ. ಕಟ್ಟಡದ ಮಹಡಿಗಳ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ದಿನದ ನೀರಿನ ಬಳಕೆ 40,000 ಲೀಟರ್ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ದಿನದ ಕಸ 100 ಕೆಜಿ ಅಥವಾ ಹೆಚ್ಚು. ಮೂರರಲ್ಲಿ ಯಾವುದಾದರೂ ಒಂದು ಸಾಕು.

ವಿಸ್ತೀರ್ಣದ ಅಳತೆಗೆ ಸಿಗುವುದು ದೊಡ್ಡ ಸಂಸ್ಥೆಗಳು ಮಾತ್ರ. 20,000 ಚದರ ಮೀಟರ್ ಎಂದರೆ ಸುಮಾರು 2.15 ಲಕ್ಷ ಚದರ ಅಡಿ, ಅದೂ ಕಟ್ಟಿದ ಜಾಗ. ಹೆಚ್ಚಿನ ಕಾಲೇಜುಗಳನ್ನು ಹಿಡಿಯುವುದು ನೀರಿನ ಅಳತೆ. ಹಗಲು ಕಾಲೇಜಿನಲ್ಲಿ ತಲೆಗೆ ದಿನಕ್ಕೆ 45 ಲೀಟರ್, ಹಾಸ್ಟೆಲ್‌ನಲ್ಲಿ 135 ಲೀಟರ್ ಎಂದು ಲೆಕ್ಕ ಹಿಡಿದು ನೀರಿನ ವ್ಯವಸ್ಥೆ ಮಾಡುವುದು ನಮ್ಮಲ್ಲಿ ರೂಢಿ. ಆ ಲೆಕ್ಕದಲ್ಲಿ 300 ಮಂದಿಯ ಹಾಸ್ಟೆಲ್ ಒಂದೇ 40,500 ಲೀಟರ್ ಬಳಸುತ್ತದೆ. ಹಾಸ್ಟೆಲ್ ಇಲ್ಲದಿದ್ದರೂ 900 ವಿದ್ಯಾರ್ಥಿಗಳ ಕಾಲೇಜು ಅದೇ ಗೆರೆಗೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ 900 ಮಕ್ಕಳಿರುವ ಕಾಲೇಜು ದೊಡ್ಡದೇನಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ನಿಯಮ ಹೇಳುವುದು ನೀರಿನ ಬಳಕೆಯನ್ನು. ಜಲಮಂಡಳಿಯ ಬಿಲ್ಲಿನಲ್ಲಿ ಕಾಣುವುದು ಕಾವೇರಿ ನೀರು ಮಾತ್ರ. ಕೊಳವೆಬಾವಿಯ ನೀರಿಗೆ ಎಷ್ಟೋ ಕಡೆ ಮೀಟರೇ ಇಲ್ಲ, ಟ್ಯಾಂಕರ್ ಲೆಕ್ಕ ಸೆಕ್ಯುರಿಟಿ ಗೇಟಿನ ಪುಸ್ತಕದಲ್ಲಿರುತ್ತದೆ. ಬಿಲ್ ನೋಡಿ ‘ನಾವು ಒಳಗೆ ಬರುವುದಿಲ್ಲ’ ಎಂದು ತೀರ್ಮಾನಿಸಿದ ಸಂಸ್ಥೆಗೆ ಮುಂದೆ ತೊಂದರೆ ಬರಬಹುದು. ಈ ಮೂರು ಮೂಲಗಳ ನೀರನ್ನೂ ಕೂಡಿಸಬೇಕು.

ಈ ಹಂತಕ್ಕೆ ಬಂದದ್ದು ಹೇಗೆ

ನಗರದ ಕಸವನ್ನು ಹಳ್ಳಿಗಳ ಪಕ್ಕ ಸುರಿದದ್ದರ ಫಲವನ್ನು ಬೆಂಗಳೂರು ಬಹಳ ಹಿಂದೆಯೇ ಉಂಡಿದೆ. ಮಾವಳ್ಳಿಪುರದ ಭೂಭರ್ತಿ (ಕಸ ಸುರಿಯುವ ಜಾಗ) 2012ರಲ್ಲಿ ಮುಚ್ಚಿತು, ಊರಿನವರ ಹೋರಾಟದ ನಂತರ ಮಂಡೂರು 2014ರ ಕೊನೆಗೆ. ಎರಡೂ ಕಡೆ ಸಮಸ್ಯೆಯ ಮೂಲ ಹಸಿ ಕಸ. ಪ್ಲಾಸ್ಟಿಕ್ಕಿನ ಜೊತೆ ಬೆರೆತು, ಗಾಳಿಯಾಡದ ಗುಡ್ಡೆಯಲ್ಲಿ ಕೊಳೆತ ಅನ್ನ-ತರಕಾರಿಯಿಂದ ಕಪ್ಪು ರಸ ಇಳಿದು ಬಾವಿಗಳನ್ನು ಸೇರುತ್ತದೆ, ಮೀಥೇನ್ ಹುಟ್ಟಿ ಬೆಂಕಿ ಹೊತ್ತಿಕೊಳ್ಳುತ್ತದೆ. ಹಸಿ ಕಸ ಬೇರೆಯಾದರೆ ಉಳಿದದ್ದು ನಾರುವುದಿಲ್ಲ, ಒಣ ಕಸಕ್ಕೆ ಬೆಲೆಯೂ ಸಿಗುತ್ತದೆ. ‘ಎರಡು ಬಿನ್, ಒಂದು ಬ್ಯಾಗ್’ ಪದ್ಧತಿಯ (ಹಸಿ ಕಸಕ್ಕೆ ಹಸಿರು ಬಿನ್, ಪ್ಯಾಡ್-ಡೈಪರ್‌ನಂಥ ಕಸಕ್ಕೆ ಕೆಂಪು ಬಿನ್, ಒಣ ಕಸಕ್ಕೆ ಚೀಲ) ಹಿಂದಿನ ತರ್ಕ ಇದೇ. 2015ರಲ್ಲಿ ಹೈಕೋರ್ಟ್ ಆದೇಶದ ಬಲವೂ ಅದಕ್ಕೆ ಸಿಕ್ಕಿತು.

ಆಡಳಿತದ ಬದಲಾವಣೆ ಗೊಂದಲವನ್ನು ಹೆಚ್ಚಿಸಿದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಿವೆ. ಕಸದ ಕೆಲಸ ನೋಡಿಕೊಳ್ಳುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಹಳೆಯ ವಾರ್ಡ್ ಕಚೇರಿಯ ಪತ್ರವನ್ನು ಫೈಲಿನಲ್ಲಿಟ್ಟುಕೊಂಡ ಕಾಲೇಜು ತನ್ನ ಪಾಲಿಕೆ ಯಾವುದೆಂದು ಮೊದಲು ತಿಳಿದುಕೊಳ್ಳಬೇಕು.

ಯಾರ ವಾದ ಏನು

ಕಾಲೇಜು ಆಡಳಿತಗಳ ಆಕ್ಷೇಪಣೆಯಲ್ಲಿ ಹುರುಳಿದೆ. ಬಸವನಗುಡಿ, ಮಲ್ಲೇಶ್ವರ, ಜಯನಗರದ ಎಷ್ಟೋ ಕಾಲೇಜುಗಳಿಗೆ ಕಟ್ಟಡ ಬಿಟ್ಟರೆ ಪಾರ್ಕಿಂಗ್ ಜಾಗವಷ್ಟೇ ಇದೆ. ಗೊಬ್ಬರ ಮಾಡಲು ಹೋಗಿ ನಾತ ಬಂದರೆ ಪಕ್ಕದ ಮನೆಯವರು ಬಂದು ನಿಲ್ಲುತ್ತಾರೆ. ನೀರಿನ ಅಳತೆಯಿಂದ ಕಸದ ಹೊಣೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಸರಿಯಾದದ್ದೇ. ಹಗಲು ಕಾಲೇಜಿನಲ್ಲಿ ನೀರು ಖರ್ಚಾಗುವುದು ಶೌಚಾಲಯದಲ್ಲಿ, ಕಸ ಹುಟ್ಟುವುದು ಕ್ಯಾಂಟೀನಿನಲ್ಲಿ.

ನಗರದ ಕಡೆಯ ವಾದವೂ ಗಟ್ಟಿಯಾಗಿದೆ. ಒಂದೇ ಗೇಟಿನಿಂದ ದಿನಾ 90 ಕೆಜಿ ಹಸಿ ಕಸ ಬಂದರೆ ಮನೆಮನೆ ಸುತ್ತುವ ಆಟೋದ ಜಾಗವನ್ನು ಅದೇ ತಿನ್ನುತ್ತದೆ, ಬೀದಿಯ ಉಳಿದ ಮನೆಗಳ ಕಸ ಮೂಲೆ ಸೇರುತ್ತದೆ. ಸಂಸ್ಥೆಗೆ ಜಾಗವಿದೆ, ಸಿಬ್ಬಂದಿ ಇದ್ದಾರೆ, ಬಜೆಟ್ ಇದೆ, ಮನೆಗೆ ಅದಿಲ್ಲ.

ಇವರಿಬ್ಬರ ನಡುವೆ ಯಂತ್ರ ಮಾರುವವರಿದ್ದಾರೆ. ‘ಒಂದು ಬಟನ್, 24 ಗಂಟೆಯಲ್ಲಿ ಗೊಬ್ಬರ’ ಎನ್ನುವ ಪ್ರಸ್ತಾವ ಆಡಳಿತಕ್ಕೆ ಬಿಡುಗಡೆಯಂತೆ ಕಾಣುತ್ತದೆ. ದುಡ್ಡು ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ, ಅದನ್ನು ಮುಂದೆ ನೋಡೋಣ.

ನಿಯಮ ಹೇಳುವ ಕ್ರಮ ಹೀಗಿದೆ: ಹಸಿ ಕಸವನ್ನು ಸಾಧ್ಯವಾದಷ್ಟು ಹುಟ್ಟಿದ ಜಾಗದಲ್ಲೇ ಸಂಸ್ಕರಿಸಬೇಕು. ಅದು ಆಗದಿದ್ದರೆ ಬೇರೆ ಕಡೆ ಸಂಸ್ಕರಣೆಯಾಗಿದೆ ಎಂಬ ಪ್ರಮಾಣಪತ್ರವನ್ನು ಹಣ ಕೊಟ್ಟು ಪಡೆಯಬೇಕು. ನೋಂದಣಿ, ಲೆಕ್ಕ ಎಲ್ಲವೂ ಒಂದೇ ಆನ್‌ಲೈನ್ ಪೋರ್ಟಲ್‌ನಲ್ಲಿ. ಸುಳ್ಳು ಲೆಕ್ಕ ಕೊಟ್ಟರೆ ಪರಿಸರ ಪರಿಹಾರ ದಂಡ ಕಟ್ಟಬೇಕು.

ಮೊದಲು ತಕ್ಕಡಿ

600 ಮಂದಿಯ ಹಾಸ್ಟೆಲ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಗೆ ದಿನಕ್ಕೆ 150 ಗ್ರಾಂ ಎಂದು ಹಿಡಿದರೆ 90 ಕೆಜಿ ಹಸಿ ಕಸ. ಆದರೆ ಈ 90 ಕೆಜಿ ಒಂದೇ ಜಾತಿಯದಲ್ಲ. ತರಕಾರಿ ಸಿಪ್ಪೆ, ದಂಟು, ಬಳಸಿದ ಟೀ ಪುಡಿ ಒಂದು. ಬಡಿಸದೆ ಪಾತ್ರೆಯಲ್ಲೇ ಉಳಿದ ಅಡುಗೆ ಇನ್ನೊಂದು. ತಟ್ಟೆಯಿಂದ ಬಂದ ಎಂಜಲು ಮೂರನೆಯದು. ಇವನ್ನು ಬೇರೆ ಬೇರೆ ತೂಗಬೇಕು, ಏಕೆಂದರೆ ಮೂರಕ್ಕೂ ಕಾರಣ ಬೇರೆ. ಪಾತ್ರೆಯಲ್ಲಿ ಉಳಿದರೆ ತಲೆ ಎಣಿಕೆ ತಪ್ಪಿದೆ ಎಂದರ್ಥ. ಶುಕ್ರವಾರ ರಾತ್ರಿ, ಹಬ್ಬದ ಹಿಂದಿನ ದಿನ ಇದು ಏರುತ್ತದೆ, ಊರಿಗೆ ಹೋಗುವವರ ಪಟ್ಟಿ ಮಧ್ಯಾಹ್ನವೇ ಅಡುಗೆಮನೆ ತಲುಪಿದರೆ ಇಳಿಯುತ್ತದೆ. ತಟ್ಟೆಯಲ್ಲಿ ಉಳಿದರೆ ದೋಷ ಬಡಿಸುವ ಸೌಟಿನ ಅಳತೆಯಲ್ಲಿದೆ, ಇಲ್ಲವೇ ರುಚಿಯಲ್ಲಿ. ಸಿಪ್ಪೆ ಮಾತ್ರ ತಪ್ಪಿಸಲಾಗದ್ದು.

ಒಂದು ತಿಂಗಳು ಹೀಗೆ ತೂಗಿದರೆ ಎಷ್ಟು ಸಾಮರ್ಥ್ಯದ ವ್ಯವಸ್ಥೆ ಬೇಕೆಂಬುದು ತಾನೇ ತಿಳಿಯುತ್ತದೆ. ತೂಗದೆ ಟೆಂಡರ್ ಕರೆದ ಕಡೆ ಅಗತ್ಯಕ್ಕಿಂತ ದೊಡ್ಡ ಯಂತ್ರ ಬಂದು ಕೂರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ತ್ಯಾಜ್ಯ ನಿರ್ವಹಣೆ, ಹಸಿರು ಕ್ಯಾಂಪಸ್ ವಿಷಯಗಳು ಬರುವುದರಿಂದ, ದಿನದಿನದ ತೂಕ ಬರೆದ ಪುಸ್ತಕ ಅಲ್ಲಿಯೂ ಫೋಟೋಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

90 ಕೆಜಿಗೆ ಎಷ್ಟು ತರಗೆಲೆ

ಮೆಸ್ಸಿನ ಮುಸುರೆಯಲ್ಲಿ, ಅಂದರೆ ಈ ಹಸಿ ಕಸದಲ್ಲಿ, ಮುಕ್ಕಾಲು ಪಾಲು ನೀರು. ಸಾರಜನಕ ಹೆಚ್ಚು, ಗಾಳಿಯಾಡಲು ಸಂದಿಯಿಲ್ಲ. ಅನ್ನ ಅಂಟಿಕೊಂಡು ಮುದ್ದೆಯಾಗುತ್ತದೆ, ಸಾಂಬಾರು-ಮಜ್ಜಿಗೆ ಉಳಿದ ಸಂದಿಯನ್ನೂ ತುಂಬುತ್ತವೆ. ಅದನ್ನು ಹಾಗೆಯೇ ತೊಟ್ಟಿಗೆ ಹಾಕಿದರೆ ಎರಡನೇ ದಿನಕ್ಕೆ ಹುಳಿ ನಾತ ಖಚಿತ. ತರಗೆಲೆ ಇದಕ್ಕೆ ಸರಿಯಾದ ಜೋಡಿ: ಒಣಗಿದೆ, ಇಂಗಾಲ ಹೆಚ್ಚು, ಹಗುರ.

90 ಕೆಜಿ ಮುಸುರೆಯ ಗಾತ್ರ ಸುಮಾರು 160 ಲೀಟರ್. ಪುಡಿ ಮಾಡಿದ ತರಗೆಲೆ ಗಾತ್ರದಲ್ಲಿ ಅದರ ಎರಡು ಪಾಲು, ಅಂದರೆ 320 ಲೀಟರ್ ಬೇಕು. ತೂಕದಲ್ಲಿ ಅದು ಸುಮಾರು 32 ಕೆಜಿ. ಈ ಮಿಶ್ರಣದಲ್ಲಿ ಇಂಗಾಲ-ಸಾರಜನಕದ ಪ್ರಮಾಣ 27ಕ್ಕೆ 1ರ ಹತ್ತಿರ, ತೇವ ಶೇ 57ರ ಹತ್ತಿರ ಬರುತ್ತದೆ. ಗೊಬ್ಬರವಾಗಲು ಬೇಕಾದದ್ದು 25–30ಕ್ಕೆ 1, ತೇವ ಶೇ 50–60. ತಕ್ಕಡಿ ಇಲ್ಲದಿದ್ದರೆ ಬಕೆಟ್ ಲೆಕ್ಕ ಸಾಕು: ಒಂದು ಬಕೆಟ್ ಮುಸುರೆಗೆ ಎರಡು ಬಕೆಟ್ ಎಲೆಪುಡಿ.

ಕೆಲಸದ ಕ್ರಮ ಹೀಗಿರುತ್ತದೆ. ಎಂಜಲನ್ನು ಮೊದಲು ತೂತಿನ ಡ್ರಮ್ಮಿನಲ್ಲಿ ಅರ್ಧ ಗಂಟೆ ಬಸಿಯಲು ಬಿಡಬೇಕು. ಬಸಿದ ನೀರು ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ) ಹೋಗುವ ಮುನ್ನ ಎಣ್ಣೆ-ಜಿಡ್ಡು ತಡೆಯುವ ತೊಟ್ಟಿಯನ್ನು ಹಾದುಹೋಗಬೇಕು. ತೊಟ್ಟಿಯ ತಳಕ್ಕೆ ಆರು ಇಂಚು ಒರಟು ಎಲೆ, ಕಡ್ಡಿ. ಮಿಶ್ರಣವನ್ನು ತೊಟ್ಟಿಯ ಹೊರಗೆ ಕಲಸಿ ಹಾಕಬೇಕು. ಪದರ ಪದರವಾಗಿ ಸುರಿದರೆ ಮುಸುರೆಯ ಪದರ ಗಾಳಿ ಕಾಣದೆ ಕೊಳೆಯುತ್ತದೆ. ಮೇಲೆ ಹಳೆಯ ಗೊಬ್ಬರದ ಎರಡು ಇಂಚಿನ ಹೊದಿಕೆ. ಇದು ನೊಣವನ್ನೂ ನಾತವನ್ನೂ ತಡೆಯುತ್ತದೆ. ನಾಲ್ಕು ಅಡಿ ಉದ್ದ, ಅಗಲ, ಎತ್ತರದ ಜಾಲರಿ ತೊಟ್ಟಿ ನಾಲ್ಕೈದು ದಿನಕ್ಕೆ ತುಂಬುತ್ತದೆ. ಹತ್ತು ತೊಟ್ಟಿ ಇದ್ದರೆ ಮೊದಲನೆಯದಕ್ಕೆ ಮರಳುವಷ್ಟರಲ್ಲಿ 40–45 ದಿನ ಕಳೆದಿರುತ್ತವೆ, ಅಷ್ಟರಲ್ಲಿ ಅದು ಖಾಲಿ ಮಾಡುವ ಹದಕ್ಕೆ ಬಂದಿರುತ್ತದೆ. ಓಡಾಡುವ ದಾರಿ, ಎಲೆ ಗೂಡು, ಜರಡಿ ಹಿಡಿಯುವ ಜಾಗ ಎಲ್ಲ ಸೇರಿ 20×30 ಸೈಟಿನಷ್ಟು ನೆಲ ಬೇಕು. ಮೇಲೆ ಶೀಟ್ ಹೊದಿಸಲೇಬೇಕು, ಇಲ್ಲದಿದ್ದರೆ ಸೆಪ್ಟೆಂಬರ್ ಮಳೆಗೆ ಎಲ್ಲ ಕೆಸರು.

ಎರಡು-ಮೂರು ದಿನಕ್ಕೆ ಗುಡ್ಡೆಯ ಒಳಗೆ 55 ಡಿಗ್ರಿ ದಾಟಬೇಕು. ಕಬ್ಬಿಣದ ಸಲಾಕೆಯನ್ನು ಐದು ನಿಮಿಷ ಚುಚ್ಚಿಟ್ಟು ತೆಗೆದರೆ ತುದಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಆ ಬಿಸಿ ಕನಿಷ್ಠ ಮೂರು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ.

ಎಲೆ ಬರುವ ಕಾಲ ಬೇರೆ, ಮುಸುರೆ ಬರುವ ಕಾಲ ಬೇರೆ

ಒಳ್ಳೆಯ ಯೋಜನೆಗಳು ಹೆಚ್ಚಾಗಿ ಮುರಿಯುವುದು ಈ ಒಂದು ಕಾರಣಕ್ಕೆ. ಬೆಂಗಳೂರಿನಲ್ಲಿ ಹೊಂಗೆ, ಮಳೆಮರ ಮುಂತಾದವು ಎಲೆ ಉದುರಿಸುವುದು ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಮುಸುರೆ ಮಾತ್ರ ಸೆಮಿಸ್ಟರ್ ಇರುವಷ್ಟು ದಿನವೂ ಬರುತ್ತದೆ. ದಿನಕ್ಕೆ 32 ಕೆಜಿಯಂತೆ 270 ದಿನಕ್ಕೆ ಎಂಟೂವರೆ ಟನ್ನಿಗೂ ಹೆಚ್ಚು ಒಣ ಎಲೆ ಬೇಕು. ಫೆಬ್ರುವರಿಯಲ್ಲಿ ಗುಡಿಸಿದ ಎಲೆಯನ್ನು ಸುಟ್ಟುಬಿಟ್ಟ ಕ್ಯಾಂಪಸ್‌ಗೆ ಆಗಸ್ಟ್‌ನಲ್ಲಿ ಕೈಗೆ ಒಂದು ಹಿಡಿ ಎಲೆಯೂ ಸಿಗುವುದಿಲ್ಲ. ಮುಸುರೆ ಹಾಗೆಯೇ ತೊಟ್ಟಿಗೆ ಬೀಳುತ್ತದೆ, ನಾತ ಶುರುವಾಗುತ್ತದೆ, ವಾರ್ಡನ್‌ಗೆ ದೂರು ಬರುತ್ತದೆ, ತೊಟ್ಟಿಗೆ ಬೀಗ ಬೀಳುತ್ತದೆ.

ಆದ್ದರಿಂದ ಎಲೆ ಗೂಡು ಮತ್ತು ಎಲೆ ಪುಡಿ ಮಾಡುವ ಶ್ರೆಡ್ಡರ್ ಗೊಬ್ಬರದ ತೊಟ್ಟಿಗಿಂತ ಮೊದಲು ಬರಬೇಕು. ಸಾವಿರ ಎಕರೆ ಮೀರಿದ ಜ್ಞಾನಭಾರತಿಗೋ 400 ಎಕರೆಯ ಭಾರತೀಯ ವಿಜ್ಞಾನ ಸಂಸ್ಥೆಗೋ ಎಲೆಗೆ ಬರವಿಲ್ಲ. ಮರ ಕಡಿಮೆ ಇರುವಲ್ಲಿ ಕ್ಯಾಂಟೀನಿಗೆ ಬರುವ ರಟ್ಟಿನ ಪೆಟ್ಟಿಗೆ ಹರಿದು ಹಾಕಬಹುದು, ತೆಂಗಿನ ನಾರಿನ ಪುಡಿ ಬಳಸಬಹುದು. ಮರದ ಹೊಟ್ಟು ಆಗುತ್ತದೆ. ಪ್ಲೈವುಡ್ ಹೊಟ್ಟು ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಜರಡಿಯ ಮೇಲೆ ಉಳಿದ ಒರಟು ಭಾಗವನ್ನು ಮತ್ತೆ ಹೊಸ ತೊಟ್ಟಿಗೆ ಹಾಕಿದರೆ ಎಲೆ ಉಳಿಯುತ್ತದೆ.

ನಾತ, ನೊಣ, ತಣ್ಣನೆ ಗುಡ್ಡೆ

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ: ಗುಡ್ಡೆ ತಿರುವಿ, ಒಣ ಎಲೆ ಸೇರಿಸಬೇಕು. ಮೂಗಿಗೆ ಚುರುಕೆನ್ನುವ ಅಮೋನಿಯ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ, ಇದಕ್ಕೂ ಎಲೆಯೇ ಮದ್ದು. ಬಿಸಿಯೇ ಏರದಿದ್ದರೆ ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು. ಎರಡು-ಮೂರು ಹನಿ ಬಂದರೆ ತೇವ ಸರಿ ಇದೆ, ಗುಡ್ಡೆ ತೀರಾ ಚಿಕ್ಕದಿರಬಹುದು, ಧಾರೆಯಾದರೆ ಹೆಚ್ಚು, ಪುಡಿಪುಡಿಯಾದರೆ ನೀರು ಚಿಮುಕಿಸಬೇಕು. ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಅದು ತನ್ನ ಕೆಲಸ ಮಾಡುತ್ತಿರುವ ಶಿಲೀಂಧ್ರ.

ಅಡುಗೆಯ ಉಪ್ಪು ಗೊಬ್ಬರದಲ್ಲಿ ಉಳಿಯುತ್ತದೆ. ಮೆಸ್ ಗೊಬ್ಬರವನ್ನೇ ತುಂಬಿದ ಕುಂಡದಲ್ಲಿ ಸಸಿ ಸುಟ್ಟಂತಾಗುವುದಕ್ಕೆ ಇದೇ ಕಾರಣ. ಒಂದು ಪಾಲಿಗೆ ಮೂರು ಪಾಲು ಮಣ್ಣು ಬೆರೆಸಬೇಕು. ಮಾಗಿದೆಯೇ ಎಂದು ನೋಡಲು ಹೆಸರುಕಾಳು ಬಿತ್ತಿದರೆ ಸಾಕು. ಬರೀ ಮಣ್ಣಿನಲ್ಲಿ ಮೊಳೆತಷ್ಟೇ ಕಾಳು ಮಿಶ್ರಣದಲ್ಲೂ ಮೊಳೆಯಬೇಕು.

24 ಗಂಟೆಯ ಯಂತ್ರ ಮಾಡುವುದೇನು

ಬಿಸಿ ಮಾಡಿ ಕಲಕುವ ಯಂತ್ರಗಳು ಒಂದು ದಿನದಲ್ಲಿ ಕೊಡುವುದು ಒಣಗಿದ ಆಹಾರವನ್ನು. 90 ಕೆಜಿ ಮುಸುರೆಯಿಂದ ಸುಮಾರು 60 ಕೆಜಿ ನೀರನ್ನು ಆವಿ ಮಾಡಬೇಕು. ಭೌತವಿಜ್ಞಾನದ ಲೆಕ್ಕದಲ್ಲೇ ಇದಕ್ಕೆ 40 ಯೂನಿಟ್ ವಿದ್ಯುತ್ ಬೇಕು, ಯಂತ್ರದ ಸೋರಿಕೆ ಬೇರೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಇರುವ ಗರಿಷ್ಠ ಮಿತಿ 200 ಯೂನಿಟ್. ಈ ಯಂತ್ರ ಐದು ದಿನದಲ್ಲಿ ಅಷ್ಟು ಬಳಸುತ್ತದೆ. ಹೊರಬರುವ ಕಂದು ಪುಡಿ ಗೊಬ್ಬರದಂತೆ ಕಾಣುತ್ತದೆ, ಆದರೆ ಗಿಡಕ್ಕೆ ಹಾಕಿ ನೀರು ಬಿಟ್ಟೊಡನೆ ಮತ್ತೆ ಕೊಳೆಯತೊಡಗುತ್ತದೆ, ಇಲಿ ಬರುತ್ತವೆ. ಅದನ್ನು ಇನ್ನೂ ಹಲವು ವಾರ ಮಾಗಿಸಲೇಬೇಕು. ಬರೀ ಕತ್ತರಿಸಿ ಹೊಟ್ಟಿನೊಂದಿಗೆ ಕಲಸುವ ಯಂತ್ರಗಳಿಗೆ ಇಷ್ಟು ವಿದ್ಯುತ್ ಬೇಡ, ಅವು ಕೂಲಿ ಕೆಲಸವನ್ನು ಇಳಿಸುತ್ತವೆ. ಆದರೆ ಅಲ್ಲಿಯೂ ಮಾಗಿಸುವ ಕ್ರೇಟುಗಳಿಗೆ ಜಾಗ ಬೇಕು. ‘ಜಾಗ ಇಲ್ಲ’ ಎಂದು ಯಂತ್ರ ಕೊಂಡವರಿಗೆ ಇದು ತಿಳಿಯುವುದು ಬಿಲ್ ಪಾವತಿಯಾದ ಮೇಲೆ.

ಬಯೋಗ್ಯಾಸ್ ಯಾರಿಗೆ ಸರಿ

ಒಂದು ಕೆಜಿ ಮುಸುರೆಯಿಂದ ಸುಮಾರು 100 ಲೀಟರ್ ಅನಿಲ ಸಿಗುತ್ತದೆ. 90 ಕೆಜಿಗೆ 9 ಘನ ಮೀಟರ್, ಅಂದರೆ ಸುಮಾರು 4 ಕೆಜಿ ಎಲ್‌ಪಿಜಿಗೆ ಸಮ. ಐದು ದಿನಕ್ಕೆ ಒಂದು 19 ಕೆಜಿ ಸಿಲಿಂಡರ್ ಉಳಿದಂತೆ. ಬೇಯಿಸಿದ ಅನ್ನ, ಚಪಾತಿ, ಸಾಂಬಾರು ಗೊಬ್ಬರದ ತೊಟ್ಟಿಗಿಂತ ಇದಕ್ಕೇ ಹೆಚ್ಚು ಒಗ್ಗುತ್ತವೆ.

ಮರೆತುಹೋಗುವುದು ಎರಡು ಸಂಗತಿ. ಒಂದು, ಸಮ ಪ್ರಮಾಣದ ನೀರು ಸೇರಿಸಿ ಹಾಕಿದರೆ ದಿನಾ ಸುಮಾರು 180 ಲೀಟರ್ ಬಗ್ಗಡ ಹೊರಬರುತ್ತದೆ. ಅದನ್ನು ಹೀರಲು ತೋಟ ಬೇಕು. ಚರಂಡಿಗೆ ಬಿಟ್ಟರೆ ಎಸ್‌ಟಿಪಿ ಹದಗೆಡುತ್ತದೆ. ಇನ್ನೊಂದು, ರಜೆ. ಸೆಮಿಸ್ಟರ್ ಮುಗಿದು ಮೆಸ್ ಮುಚ್ಚಿದಾಗ ತೊಟ್ಟಿಯ ಬ್ಯಾಕ್ಟೀರಿಯಾ ಹಸಿದಿರುತ್ತವೆ. ಮರಳಿ ತೆರೆದ ಮೊದಲ ದಿನವೇ ಪೂರ್ತಿ 90 ಕೆಜಿ ಸುರಿದರೆ ಆಮ್ಲ ಏರಿ, ಪಿಎಚ್ 6.5ಕ್ಕಿಂತ ಇಳಿದು ಅನಿಲ ನಿಂತೇ ಹೋಗುತ್ತದೆ. ಮೊದಲ ವಾರ ಕಾಲು ಪಾಲು, ಎರಡನೇ ವಾರ ಅರ್ಧ, ಹೀಗೆ ಏರಿಸಬೇಕು. ನಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ತೆಂಗಿನ ಚಿಪ್ಪು ಒಳಗೆ ಹೋಗಬಾರದು.

ನಾಲ್ಕನೇ ಡಬ್ಬ

ಹೊಸ ನಿಯಮದಲ್ಲಿ ಕಸ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ. ಬೆಂಗಳೂರಿನ ಕೆಂಪು ಬಿನ್‌ಗೆ ಬೀಳುತ್ತಿದ್ದದ್ದು ಈಗ ಎರಡಾಗುತ್ತದೆ. ಪ್ಯಾಡ್, ಡೈಪರ್ ಒಂದೆಡೆ. ಬಣ್ಣದ ಡಬ್ಬಿ, ಬಲ್ಬು, ಅವಧಿ ಮುಗಿದ ಮಾತ್ರೆ ಇನ್ನೊಂದೆಡೆ. ಹಾಸ್ಟೆಲ್ ಶೌಚಾಲಯದ ಗೋಡೆಗೆ ಹಾಕುವ ಸಣ್ಣ ಬರ್ನರ್‌ಗಳು ಪ್ಯಾಡಿನ ಪ್ಲಾಸ್ಟಿಕ್ ಪದರವನ್ನು ಪೂರ್ತಿ ಸುಡುವಷ್ಟು ಕಾಯುವುದಿಲ್ಲ, ಹೊಗೆ ಒಳಗೇ ತುಂಬುತ್ತದೆ. ಕಾಗದದಲ್ಲಿ ಸುತ್ತಿ ಬೇರೆ ಡಬ್ಬದಲ್ಲಿ ಕೊಡುವುದೇ ಮೇಲು. ಪ್ರಯೋಗಾಲಯದ ರಾಸಾಯನಿಕ, ಹಳೆ ಕಂಪ್ಯೂಟರ್, ಬ್ಯಾಟರಿಗಳಿಗೆ ಬೇರೆ ನಿಯಮಗಳೇ ಇವೆ. ಅವನ್ನು ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿಸಬಾರದು.

ಜಾಗವಿಲ್ಲದ ಕಾಲೇಜಿಗೆ ಉಳಿಯುವ ದಾರಿ

ಹಾಸ್ಟೆಲ್ ಇಲ್ಲದ, ದಿನಕ್ಕೆ 10–15 ಕೆಜಿ ಹಸಿ ಕಸದ ಕ್ಯಾಂಟೀನ್ ಮಾತ್ರ ಇರುವ ಕಾಲೇಜಿಗೆ ಮೇಲಿನ ಲೆಕ್ಕ ಆರನೇ ಒಂದಕ್ಕೆ ಇಳಿಯುತ್ತದೆ. ಎರಡು-ಮೂರು ಜಾಲರಿ ತೊಟ್ಟಿ ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಹಿಡಿಯುತ್ತವೆ. ಕಟ್ಟಡ ದೊಡ್ಡದಿದ್ದು ನೆಲವೇ ಇಲ್ಲದವರು ಹೊರಗಿನ ಸಂಸ್ಕರಣೆ, ಪ್ರಮಾಣಪತ್ರದ ಮೊರೆ ಹೋಗಬೇಕಾಗುತ್ತದೆ. ಇದರಲ್ಲಿ ಅಪಾಯವೂ ಇದೆ. ಹಣ ಕೊಟ್ಟರೆ ಪತ್ರ ಸಿಗುವುದಾದರೆ ವಿಂಗಡಣೆ ಸಡಿಲವಾಗುತ್ತದೆ, ಬೆರಕೆ ಕಸ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಇದುವರೆಗೆ ಮೆಸ್ಸಿನ ಮುಸುರೆಯನ್ನು ಹಂದಿ ಸಾಕುವವರಿಗೆ ಬಾಯಿಮಾತಿನಲ್ಲಿ ಕೊಡುತ್ತಿದ್ದವರ ಬಳಿಯೂ ದಾಖಲೆ ಇಲ್ಲ.

ಗುತ್ತಿಗೆಗೆ ಸಹಿ ಹಾಕುವ ಮುನ್ನ ಕಾಲೇಜು ಕೇಳಬೇಕಾದದ್ದು ಕಡಿಮೆ, ಆದರೆ ಬಿಡುವಂತಿಲ್ಲ. ಹಸಿ ಕಸ ಯಾವ ಘಟಕಕ್ಕೆ ಹೋಗುತ್ತದೆ, ಅಲ್ಲಿಗೆ ಹೋಗಿ ನೋಡಲು ಅವಕಾಶವಿದೆಯೇ? ಗೇಟಿನಲ್ಲಿ ಹಾಕಿದ ತೂಕವೂ ಘಟಕದ ರಸೀದಿಯ ತೂಕವೂ ತಾಳೆಯಾಗುತ್ತದೆಯೇ? ಲಾರಿಯಲ್ಲಿ ಹಸಿ, ಒಣ ಬೇರೆ ಬೇರೆ ಖಾನೆಯಲ್ಲಿ ಹೋಗುತ್ತವೆಯೇ? ಬೆರೆತ ಕಸ ಕೊಟ್ಟರೆ ಗುತ್ತಿಗೆದಾರ ನಿರಾಕರಿಸುತ್ತಾನೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಎನ್ನುವವನ ದರ ಸ್ವಲ್ಪ ಹೆಚ್ಚಿದ್ದರೂ ಅವನಿಗೇ ಕೊಡಬೇಕು.